ಬೀಗದಕೈ ಯಾರ ಹತ್ತಿರ ಇರುತ್ತದೆ?

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿರುವ ಗಂಡಸರ ವಾರ್ಡಿನಲ್ಲಿ ಟ್ಯೂಬ್‌ಲೈಟು ಇನ್ನೂ ಆರಿಲ್ಲ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜ ಚಹಾ ಯಾವಾಗ ಬರುತ್ತದೆ ಎಂದು ಮೂರನೆಯ ಸಲ ವಿಚಾರಿಸುತ್ತಿದ್ದಾರೆ. ಎದುರಿನ ಹಾಸಿಗೆಯವರು ಇರುಳೆಲ್ಲ ಕೆಮ್ಮಿ ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಐವತ್ತರ ಆಸುಪಾಸಿನ ನರ್ಸ್ ಒಬ್ಬರು ಸೊಂಟದ ಬೆಲ್ಟಿಗೆ ಸಿಕ್ಕಿಸಿದ್ದ ಬೀಗದಕೈಯನ್ನು ಬಿಚ್ಚಿ, ಬೆಳಗಿನ ಪಾಳಿಗೆ ಬಂದ ಹುಡುಗಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಿಸುತ್ತಾರೆ.

"ಕೀ ನಿನ್ನ ಹತ್ತಿರ," ಎನ್ನುತ್ತಾರೆ.

"ಕೀ ನನ್ನ ಹತ್ತಿರ," ಎನ್ನುತ್ತಾಳೆ ಹುಡುಗಿ.

ಇದು ಔಷಧಿ ಕಪಾಟಿನ ಬೀಗದಕೈ. ತೀರಾ ನೋವಿಗೆ, ಫಿಟ್ಸಿಗೆ ಕೊಡುವ, ಕಂಡಕಂಡವರ ಕೈಗೆ ಸಿಗಬಾರದ ಇಂಜೆಕ್ಷನ್‌ಗಳು ಆ ಕಪಾಟಿನಲ್ಲಿರುತ್ತವೆ. ಈ ವಾರ್ಡಿನಲ್ಲಿ ಆ ಕೀ ಮೇಜಿನ ಮೇಲೆ ಬಿದ್ದಿರುವುದಿಲ್ಲ, ಮೊಳೆಗೆ ನೇತಾಡುವುದೂ ಇಲ್ಲ. ಅದು ಯಾರ ಬಳಿ ಇದೆಯೋ ಅವರು ಚಹಾ ಕುಡಿಯಲಿಕ್ಕಾಗಲಿ, ಬಚ್ಚಲಿಗಾಗಲಿ ವಾರ್ಡಿನ ಹೊಸ್ತಿಲು ದಾಟುವ ಮೊದಲು ಒಳಗೆ ಉಳಿಯುವವರ ಅಂಗೈಯಲ್ಲಿ ಇಟ್ಟು, ಬಾಯಿಬಿಟ್ಟು ಹೇಳಿ ಹೋಗಬೇಕು. ತೆಗೆದುಕೊಂಡವರೂ ಬಾಯಿಬಿಟ್ಟೇ ಒಪ್ಪಿಕೊಳ್ಳಬೇಕು. ಹೊಸದಾಗಿ ಬರುವ ವೈದ್ಯರು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ನನ್ನ ಮದುವೆಯಲ್ಲೂ ಇಷ್ಟು ಶಾಸ್ತ್ರ ಇರಲಿಲ್ಲ ಸಿಸ್ಟರ್ ಎಂದು ಒಬ್ಬರು ಛೇಡಿಸಿದ್ದೂ ಉಂಟು. ಆ ಹಿರಿಯ ನರ್ಸ್ ತಾವೂ ನಕ್ಕರು, ಶಾಸ್ತ್ರ ಮಾತ್ರ ಬಿಡಲಿಲ್ಲ.

ಆಸ್ಪತ್ರೆಯ ಹುಡುಗಿಯರ ಬಾಯಲ್ಲಿ ಇವರು ಪ್ರಶ್ನೆಯಕ್ಕ. ತಿಂಗಳಿಗೊಮ್ಮೆ ಹೊಸ ನರ್ಸ್‌ಗಳ ಸಂದರ್ಶನ ನಡೆಯುವ ದಿನ ಪಾಳಿ ಮುಗಿದರೂ ಇವರು ಮನೆಗೆ ಹೋಗುವುದಿಲ್ಲ. ಮುಖ ತೊಳೆದುಕೊಂಡು ನೆಲಮಹಡಿಗೆ ಇಳಿದು, ಎಕ್ಸ್‌ರೇ ಕೋಣೆಯ ಆಚೆ ಇರುವ ಮರದ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಸರದಿಗಾಗಿ ಕಾಯುತ್ತಿರುವ ಹುಡುಗಿಯರಿಗೆ, ಒಳಗೆ ಹೋದಾಗ ಅವರು ಏನು ಕೇಳಬೇಕು ಎಂದು ಹೇಳಿಕೊಡುತ್ತಾರೆ. ಯಾರೂ ಹೇಳದ, ಯಾರೂ ಸಂಬಳ ಕೊಡದ ಈ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದಾರೆ.

ಇವತ್ತು ಬೆಂಚಿನಲ್ಲಿ ಹೆಚ್ಚು ಹೊತ್ತು ಕೂರಲು ಅವರಿಗೆ ಪುರುಸೊತ್ತಿಲ್ಲ. ಊರಿನ ಇನ್ನೊಂದು ಬದಿಯ ಚಿಕ್ಕ ಆಸ್ಪತ್ರೆಯೊಂದರಲ್ಲಿ ಅವರ ತಂಗಿಗೇ ಸಂದರ್ಶನವಿದೆ. ಹನ್ನೆರಡು ವರ್ಷದ ಹಿಂದೆ ನರ್ಸ್ ಕೆಲಸಕ್ಕೆ ಕೈಮುಗಿದು ಹೊರಬಂದಿದ್ದ ತಂಗಿ ಮತ್ತೆ ಆ ಬಾಗಿಲು ತಟ್ಟಲು ಒಪ್ಪಿದ್ದಾಳೆ.

"ಊರವರ ಮಕ್ಕಳಿಗೆಲ್ಲ ಹೇಳಿಕೊಟ್ಟೆ," ಎನ್ನುತ್ತಾರೆ ಮೆಟ್ಟಿಲಿಳಿಯುತ್ತ. "ಇವಳ ಮುಂದೆ ಮಾತ್ರ ನನಗೆ ಬಾಯೇ ಬರ್ತಿಲ್ಲ."

ಬೆಂಚಿನ ಮೇಲೆ ಆಗಲೇ ಐದಾರು ಮಂದಿ ಕುಳಿತಿದ್ದಾರೆ. ಎಲ್ಲರ ಚಪ್ಪಲಿಯೂ ಹೊಸದು, ಎಲ್ಲರ ಮಂಡಿಯೂ ಒಂದಕ್ಕೊಂದು ಅಂಟಿಕೊಂಡಿದೆ. ಒಬ್ಬಳು ಕಣ್ಣು ಮುಚ್ಚಿ ರಕ್ತದೊತ್ತಡದ ಲೆಕ್ಕವನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದಾಳೆ. ಇನ್ನೊಬ್ಬಳ ಜೊತೆಗೆ ಅವಳ ಅಪ್ಪ ಬಂದಿದ್ದಾರೆ. ಮಗಳಿಗಿಂತ ಅವರ ಮುಖವೇ ಹೆಚ್ಚು ಬಾಡಿದೆ. ಅಕ್ಕ ಎಲ್ಲರಿಗೂ ಚಹಾ ತರಿಸುತ್ತಾರೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಂದಿರಾ ಎಂದು ಕೇಳುತ್ತಾರೆ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. ಒಳಗೆ ಏನು ಕೇಳುತ್ತೀರಿ ಎಂದರೆ ಹುಡುಗಿಯರು ಡ್ರಿಪ್ಪು, ಡ್ರೆಸ್ಸಿಂಗು, ಸಕ್ಕರೆ ಕಾಯಿಲೆ ಎಂದು ಶುರು ಮಾಡುತ್ತಾರೆ.

"ಅದು ಅವರು ನಿಮ್ಮನ್ನ ಕೇಳೋದು," ಎನ್ನುತ್ತಾರೆ ಅಕ್ಕ. "ಕೊನೆಗೆ ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ ಅಂತಾರಲ್ಲ, ಆಗ?"

ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉತ್ತರ ಬರುತ್ತದೆ: ಏನಿಲ್ಲ ಮೇಡಂ ಅಂತೀವಿ. ಅದನ್ನು ಅವರು ಎಷ್ಟು ನಯವಾಗಿ ಹೇಳುತ್ತಾರೆಂದರೆ, ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕಲಿತು ಬಂದಿರಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವರು ಒಂದು ದಿನವಾದರೂ ವಾರ್ಡಿನಲ್ಲಿ ಒಬ್ಬರೇ ನಿಂತವರಲ್ಲ. ಏನೂ ಕೇಳದೆ ಒಳಗೆ ಹೋದವರಿಗೆ ಆ ಬಂಗಾರದ ಬೆಲೆ ಎರಡನೆಯ ವಾರದಲ್ಲೇ ತಿಳಿಯುತ್ತದೆ.

ಅಕ್ಕನ ಪಾಠದಲ್ಲಿ ದೊಡ್ಡ ಮಾತುಗಳಿಲ್ಲ. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂದು ಕೇಳಿ, ಅಷ್ಟಕ್ಕೇ ನಿಲ್ಲಿಸಬೇಡಿ, ಜೊತೆಯವಳು ರಜೆ ಹಾಕಿದ ದಿನ ಎಷ್ಟು ಎಂದೂ ಕೇಳಿ ಎನ್ನುತ್ತಾರೆ. ಮೊದಲನೆಯದಕ್ಕೆ ಎಲ್ಲ ಕಡೆಯೂ ಚಂದದ ಉತ್ತರ ಸಿಗುತ್ತದೆ, ನಿಜ ಹೊರಬೀಳುವುದು ಎರಡನೆಯದರಲ್ಲಿ. ತಮ್ಮದೇ ವಾರ್ಡಿನಲ್ಲಿ ಇಪ್ಪತ್ತೆಂಟು ಹಾಸಿಗೆಗೆ ಇಬ್ಬರು. ಒಬ್ಬಳು ರಜೆ ಹಾಕಿದರೆ ಇಪ್ಪತ್ತೆಂಟಕ್ಕೂ ಒಬ್ಬಳೇ. ಅದನ್ನೂ ಅವರು ಮುಚ್ಚಿಡುವುದಿಲ್ಲ. ಮೂಲ ಪ್ರಮಾಣಪತ್ರಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ, ಹೌದು ಎಂದರೆ ಯೋಚನೆ ಮಾಡಿ ಎನ್ನುತ್ತಾರೆ. ನನಗಿಂತ ಮೊದಲು ಈ ಜಾಗದಲ್ಲಿದ್ದವರು ಯಾಕೆ ಬಿಟ್ಟರು ಎಂದು ಕೇಳುವಾಗ ದನಿ ತಗ್ಗಿರಲಿ, ಕೇಳುವುದು ಬೇರೆ ಕೆಣಕುವುದು ಬೇರೆ ಎನ್ನುತ್ತಾರೆ. ಆದರೆ ಹೊಸಬಳಾದ ನನ್ನ ಜೊತೆ ಮೊದಲ ದಿನಗಳಲ್ಲಿ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆ ಬಂದಾಗ ಅವರದೇ ದನಿ ಏರುತ್ತದೆ.

"ಹೆಸರು ಕೇಳಿ. ಯಾರಾದ್ರೂ ಇರ್ತಾರೆ ಅಂದ್ರೆ ಯಾರೂ ಇರಲ್ಲ ಅಂತ ಅರ್ಥ. ಅವರ ಹೆಸರೇನು, ಎಷ್ಟು ದಿನ ಜೊತೆಗಿರ್ತಾರೆ, ಅವರು ಊಟಕ್ಕೆ ಹೋದಾಗ ಯಾರು ಅಂತ ಕೇಳಿ. ಕೇಳಿ ಹುಡುಗೀರಾ, ನಾಚ್ಕೋಬೇಡಿ."

ಕೊನೆಯದು ಬೀಗದಕೈಯ ಪ್ರಶ್ನೆ. ಔಷಧಿ ಕಪಾಟಿನ ಕೀ ಯಾರ ಹತ್ತಿರ ಇರುತ್ತದೆ, ಅವರು ವಾರ್ಡಿನಲ್ಲಿ ಇಲ್ಲದಾಗ ಯಾರ ಹತ್ತಿರ ಇರುತ್ತದೆ? ಇದನ್ನು ಹೇಳುವಾಗ ಅಕ್ಕ ಯಾರ ಮುಖವನ್ನೂ ನೋಡುವುದಿಲ್ಲ. ಚಹಾದ ಲೋಟದೊಳಗೆ ನೋಡುತ್ತಾರೆ.

ಮಗಳ ಜೊತೆಗೆ ಬಂದ ಅಪ್ಪ ಈಗ ಬಾಯಿ ತೆರೆಯುತ್ತಾರೆ. "ಇಷ್ಟೆಲ್ಲ ಕೇಳಿದ್ರೆ ಕೆಲಸ ಕೊಡ್ತಾರಾ ತಾಯಿ?"

"ಕೆಲವು ಸಲ ಕೊಡಲ್ಲ," ಎನ್ನುತ್ತಾರೆ ಅಕ್ಕ. ಆ ಮಾತನ್ನು ಅವರು ಸಿಹಿ ಸವರಿ ಹೇಳುವುದಿಲ್ಲ.

ಹೋದ ವರ್ಷ ಒಬ್ಬ ತಾಯಿ ಇದೇ ಬೆಂಚಿನ ಬಳಿ ಬಂದು, ನಾಲ್ಕು ಜನರ ಎದುರಿಗೆ ಅಕ್ಕನನ್ನು ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಅವರ ಮಗಳು ಅಕ್ಕ ಹೇಳಿದಂತೆ ಎಲ್ಲವನ್ನೂ ಕೇಳಿದ್ದಳು, ಕೆಲಸ ಏನೂ ಕೇಳದವಳಿಗೆ ಸಿಕ್ಕಿತ್ತು. ನಿಮಗೇನಮ್ಮ, ತಿಂಗಳಾದರೆ ಸಂಬಳ ಬರುತ್ತದೆ, ಕಂಡವರ ಮಕ್ಕಳ ಅನ್ನಕ್ಕೆ ಯಾಕೆ ಕಲ್ಲು ಹಾಕುತ್ತೀರಿ ಎಂದಿದ್ದರು ಆ ತಾಯಿ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಅಕ್ಕ ಈಗಲೂ ಕೇಳುತ್ತಾರೆ. ಅವತ್ತು ಮನೆಗೆ ಹೋಗಿ ಇನ್ನು ಆ ಬೆಂಚಿನ ಕಡೆ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದರು. ಮುಂದಿನ ತಿಂಗಳು ಹೊಸ ಚಪ್ಪಲಿ ಹಾಕಿಕೊಂಡು ಮಂಡಿ ಜೋಡಿಸಿ ಕುಳಿತ ಹುಡುಗಿಯರನ್ನು ಮೆಟ್ಟಿಲ ಮೇಲಿಂದ ನೋಡಿದರು. ಕಾಲು ತಾನಾಗಿ ಅತ್ತ ನಡೆಯಿತು.

ಆಸ್ಪತ್ರೆಯ ಕಚೇರಿಗೂ ಇದು ಗೊತ್ತಿಲ್ಲದ್ದೇನಲ್ಲ. ಒಮ್ಮೆ ಕರೆದು, ಇದೆಲ್ಲ ನಿಮಗೆ ಯಾಕೆ ಸಿಸ್ಟರ್ ಎಂದು ಮೆತ್ತಗೆ ಗದರಿದ್ದರು. ಅಕ್ಕ ಹೂಂ ಎಂದು ತಲೆಯಾಡಿಸಿ ಬಂದರು. ಮರುತಿಂಗಳು ಬೆಂಚಿನ ನಡುವೆ ಕೂರುವ ಬದಲು ತುದಿಯಲ್ಲಿ ಕುಳಿತರು. ಕಚೇರಿಯವರೂ ನೋಡಿ ನೋಡದ ಹಾಗಿದ್ದಾರೆ, ಯಾಕೆಂದರೆ ಹೊಸಬರಿಗೆ ಕೆಲಸ ಕಲಿಸಲು ಅವರಿಗೆ ಬೇಕಾಗುವುದು ಕೊನೆಗೆ ಇವರೇ.

ಹೊಸಬರಿಗೆ ಇವರು ಕಲಿಸುವ ರೀತಿಯೂ ಬೇರೆ. ತುರ್ತು ಔಷಧಿಗಳ ಟ್ರಾಲಿಯ ಮುಂದೆ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಾರೆ. ಒಂದೊಂದೇ ಖಾನೆ ಎಳೆದು, ಯಾವ ಔಷಧಿ ಎಲ್ಲಿದೆ ಎಂದು ಕೈಯಿಂದಲೇ ಹುಡುಕಿಸುತ್ತಾರೆ. ಆಮೇಲೆ ಕಣ್ಣು ತೆರೆದು ಚೀಟಿ ಓದಿ ಖಾತರಿ ಮಾಡಿಕೊಳ್ಳಬೇಕು. ಎರಡೂ ಆಗುವವರೆಗೆ ಆ ಹುಡುಗಿಯನ್ನು ಒಬ್ಬಳೇ ಬಿಡುವುದಿಲ್ಲ. ಇವರ ಕೈಕೆಳಗೆ ಕಲಿತವರು ಈಗ ಎಲ್ಲೆಲ್ಲೋ ಇದ್ದಾರೆ, ವರ್ಷಕ್ಕೊಮ್ಮೆ ಫೋನ್ ಮಾಡುವವರೂ ಇದ್ದಾರೆ, ಮರೆತವರೂ ಇದ್ದಾರೆ. ಮರೆತವರ ಬಗ್ಗೆ ಅಕ್ಕನಿಗೆ ಬೇಸರವಿಲ್ಲ. ನೆಮ್ಮದಿಯಾಗಿದ್ದವರು ಮರೆಯುತ್ತಾರೆ ಎನ್ನುತ್ತಾರೆ.

ಇಷ್ಟಕ್ಕೂ ಈ ಪ್ರಶ್ನೆಗಳ ಹುಚ್ಚು ಹಿಡಿದದ್ದು ಹೇಗೆ ಎಂದರೆ ಮಾತು ತಂಗಿಯ ಕಡೆಗೇ ತಿರುಗುತ್ತದೆ.

ಅಕ್ಕತಂಗಿಯರ ನಡುವೆ ಹದಿಮೂರು ವರ್ಷದ ಅಂತರ. ಅಪ್ಪ ಬೇಗ ಹೋದರು. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ತಂಗಿ ಓಡಾಡಲು ಕಲಿತಾಗಿನಿಂದ ಹೊಲಿಗೆ ಯಂತ್ರದ ಪಕ್ಕ ನಿಂತು ಪ್ರತಿಯೊಂದಕ್ಕೂ ಯಾಕಮ್ಮಾ, ಯಾಕಮ್ಮಾ ಎಂದು ಪೀಡಿಸುತ್ತಿದ್ದಳಂತೆ. ಸೂಜಿಗೆ ತುದಿಯಲ್ಲೇ ಯಾಕೆ ತೂತು, ಬಟ್ಟೆ ಒದ್ದೆಯಾದರೆ ಬಣ್ಣ ಯಾಕೆ ಗಾಢವಾಗುತ್ತದೆ, ಅಪ್ಪ ಯಾಕೆ ಬರುವುದಿಲ್ಲ. ಅಮ್ಮ ಬೇಸತ್ತು ಅವಳಿಗೆ ಯಾಕಮ್ಮ ಎಂದೇ ಅಡ್ಡಹೆಸರು ಇಟ್ಟುಬಿಟ್ಟರು. ಬೀದಿಯವರೂ ಅದನ್ನೇ ಕರೆದರು. ಅಕ್ಕ ನರ್ಸಾಗಿ ದುಡಿಯತೊಡಗಿದ ಮೇಲೆ ತಂಗಿಯನ್ನೂ ಅದೇ ಓದು ಓದಿಸಿದರು. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಕುಳಿತು, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವಳು ಅವಳೇ ಎಂದು ಹೇಳುವಾಗ ಅಕ್ಕನ ಮುಖದಲ್ಲಿ ಹೆಮ್ಮೆ ಕಾಣುತ್ತದೆ, ಕ್ಷಣದಲ್ಲೇ ಅದು ಕರಗುತ್ತದೆ.

ತಂಗಿಯ ಮೊದಲ ಸಂದರ್ಶನದ ದಿನ ಅವಳನ್ನು ಅಣಿಗೊಳಿಸಿದ್ದು ಅಕ್ಕನೇ. ಬಟ್ಟೆ ಇಸ್ತ್ರಿ ಮಾಡಿ, ಹಿಂದೆ ಕುಳಿತು ಜಡೆ ಹೆಣೆದರು. ಹೆಣೆಯುತ್ತ ಬುದ್ಧಿ ಹೇಳಿದರು. ಅವತ್ತು ಹೇಳಿದ್ದನ್ನು ಅವರು ಇವತ್ತಿಗೂ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂದೆ. ಕೊನೆಗೆ ಏನಾದ್ರೂ ಪ್ರಶ್ನೆ ಇದೆಯಾ ಅಂತಾರೆ, ಏನಿಲ್ಲ ಮೇಡಂ ಅನ್ನು ಅಂದೆ. ನಿನ್ನ ಯಾಕೆ ಗೀಕೆ ಎಲ್ಲ ಮನೇಲಿ ಬಿಟ್ಟು ಹೋಗು, ಬಾಯಿಬಡುಕಿ ಅನ್ನಿಸ್ಕೋಬೇಡ ಅಂದೆ. ಅವಳು ಹಾಗೇ ಮಾಡಿದ್ಲು. ಕೆಲಸ ಸಿಕ್ತು. ಸಿಹಿ ಹಂಚಿದ್ವಿ."

ಕೆಲಸ ಸಿಕ್ಕಿದ್ದು ಅಕ್ಕನ ಆಸ್ಪತ್ರೆಯಲ್ಲಲ್ಲ, ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಎರಡನೆಯ ತಿಂಗಳಿಗೇ ತಂಗಿಯನ್ನು ಒಂದು ವಾರ್ಡಿಗೆ ಒಬ್ಬಳನ್ನೇ ಹಾಕಿದರು. ಒಂದು ರಾತ್ರಿ, ನಿವೃತ್ತ ಬಸ್ ಚಾಲಕರೊಬ್ಬರಿಗೆ ಫಿಟ್ಸ್ ಬಂತು. ಅವರು ಇವಳನ್ನು ಮಗಳೇ ಎಂದು ಕರೆಯುತ್ತಿದ್ದರು. ಫಿಟ್ಸ್ ನಿಲ್ಲಲಿಲ್ಲ. ನಿಲ್ಲಿಸುವ ಇಂಜೆಕ್ಷನ್ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು, ಬೀಗದಕೈ ಪಾಳಿಯ ಮೇಲ್ವಿಚಾರಕಿಯ ಸೊಂಟದಲ್ಲಿತ್ತು, ಮೇಲ್ವಿಚಾರಕಿ ಎಲ್ಲೋ ಬೇರೆ ಮಹಡಿಯಲ್ಲಿದ್ದರು. ಫೋನ್ ಯಾರೂ ಎತ್ತಲಿಲ್ಲ. ತಂಗಿ ಅವರನ್ನು ಮಗ್ಗುಲಿಗೆ ಹೊರಳಿಸಿ, ಪಕ್ಕದ ಹಾಸಿಗೆಯವರಿಗೆ ನೋಡಿಕೊಳ್ಳಿ ಎಂದು ಹೇಳಿ, ಕೀ ಹುಡುಕಿಕೊಂಡು ಮಹಡಿಯಿಂದ ಮಹಡಿಗೆ ಓಡಿದಳು. ಕೀ ಹಿಡಿದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ವಿಚಾರಣೆ ನಡೆಯಿತು. ರೋಗಿಯನ್ನು ಒಬ್ಬರನ್ನೇ ಬಿಟ್ಟು ಹೋದದ್ದೇಕೆ ಎಂದು ತಂಗಿಯನ್ನು ಕೇಳಿದರು. ಬಿಡದೆ ಅಲ್ಲೇ ನಿಂತಿದ್ದರೆ ಔಷಧಿ ತರಲು ಯಾಕೆ ಹೋಗಲಿಲ್ಲ ಎಂದು ಕೇಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ಎಮ್ಮೆ ಎಲ್ಲಿ ನಿಂತಿತ್ತು ಎಂಬುದು ಮುಖ್ಯವಲ್ಲ. ಮೇಲ್ವಿಚಾರಕಿ ತಮ್ಮ ಪಾಲಿನ ಹೇಳಿಕೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು: ನಾನು ಇಲ್ಲದಾಗ ಕೀ ಎಲ್ಲಿರುತ್ತದೆ ಎಂದು ಈ ಹುಡುಗಿ ಯಾವತ್ತೂ ನನ್ನನ್ನು ಕೇಳಲೇ ಇಲ್ಲ.

ಈ ಮಾತನ್ನು ತಂಗಿ ಮನೆಗೆ ಬಂದು ಅಕ್ಕನಿಗೆ ಹೇಳಿದಳು. ಹೇಳುವಾಗ ಅಳಲಿಲ್ಲ, ಅಕ್ಕನ ಮೇಲೆ ಬೆರಳು ತೋರಿಸಲೂ ಇಲ್ಲ. ಕೇಳಬೇಡ ಎಂದು ಜಡೆ ಹೆಣೆಯುತ್ತ ಹೇಳಿದ ಬಾಯಿ ಯಾರದೆಂದು ಅಕ್ಕನಿಗೆ ಗೊತ್ತಿತ್ತು.

ತಂಗಿ ಕೆಲಸ ಬಿಟ್ಟಳು. ಕೆಲವು ತಿಂಗಳು ಮನೆಯಿಂದ ಹೊರಗೇ ಬರಲಿಲ್ಲ. ಆಮೇಲೆ ಒಂದು ಚಪ್ಪಲಿ ಅಂಗಡಿಗೆ ಸೇರಿದಳು, ಇವತ್ತಿಗೂ ಅಲ್ಲೇ ಇದ್ದಾಳೆ. ಗಿರಾಕಿಗಳ ಎದುರು ಮೊಣಕಾಲೂರಿ ಕುಳಿತು ಚಪ್ಪಲಿ ತೊಡಿಸುತ್ತಾಳೆ. ಊದಿಕೊಂಡ ಪಾದ ಕಂಡರೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಗುಳಿ ಬಿದ್ದದ್ದು ಬೇಗ ಏಳದಿದ್ದರೆ, ಒಂದು ಸಲ ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳುತ್ತಾಳೆ. ಹಾಗೆ ತೋರಿಸಿಕೊಂಡು ಬದುಕಿದ ಒಬ್ಬರು ಮರಳಿ ಬಂದು ಎರಡು ಜೊತೆ ಚಪ್ಪಲಿ ಕೊಂಡುಹೋದರು ಎಂದು ಅಂಗಡಿಯ ಮಾಲೀಕರು ನಗುತ್ತ ಹೇಳುತ್ತಾರೆ. ತಂಗಿ ಆ ನಗೆಯಲ್ಲಿ ಸೇರುವುದಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದಾರೆ. ಹಾಲು, ಬಾಡಿಗೆ, ತಲೆನೋವು, ಪಕ್ಕದ ಮನೆಯ ಜಗಳ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಆ ರಾತ್ರಿಯ ಬಗ್ಗೆ, ಅದಕ್ಕೂ ಹಿಂದಿನ ಆ ಜಡೆಯ ಬಗ್ಗೆ ಹನ್ನೆರಡು ವರ್ಷಗಳಲ್ಲಿ ಒಂದು ಮಾತೂ ಆಡಿಲ್ಲ. ಯಾಕಮ್ಮ ಎಂಬ ಹೆಸರು ಮನೆಯಲ್ಲಿ ಕೇಳುವುದಿಲ್ಲ. ತಂಗಿ ಯಾಕೆ ಎನ್ನುವುದನ್ನೇ ಬಿಟ್ಟಳು ಎನ್ನುತ್ತಾರೆ ಅಕ್ಕ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಾಳೆ.

"ಒಂದು ದಿನ ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ. "ನಿನ್ನಿಂದಲೇ ಆಗಿದ್ದು ಅಂತ ಒಂದು ಸಲ ಅಂದಿದ್ರೆ, ಕಾಲು ಹಿಡ್ಕೊಂಡು ಅತ್ತುಬಿಡ್ತಿದ್ದೆ. ಅನ್ನಲಿಲ್ಲ ಅವಳು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಾರೆ. ಆ ಘಟನೆಯ ಮರುವರ್ಷವೇ ಅವರು ಆ ಬೆಂಚಿನಲ್ಲಿ ಕೂರಲು ಶುರು ಮಾಡಿದ್ದು.

ಈ ವರ್ಷ ತಂಗಿಯಲ್ಲಿ ಏನೋ ಬದಲಾಯಿತು. ಅಂಗಡಿಗೆ ಬಂದ ಹೆಂಗಸೊಬ್ಬರು ಕುಸಿದು ಬಿದ್ದಾಗ ಆಂಬುಲೆನ್ಸ್ ಬರುವವರೆಗೆ ಅವರ ಉಸಿರು ಕಾಯ್ದವಳು ಇವಳು. ಅವತ್ತು ಮನೆಗೆ ಬಂದು ತಟ್ಟೆಯ ಮುಂದೆ ಕುಳಿತು, ನನ್ನ ಕೈ ನಡುಗಲಿಲ್ಲ ಅಕ್ಕಾ ಎಂದಳು. ಅವಧಿ ಮೀರಿದ್ದ ನರ್ಸಿಂಗ್ ನೋಂದಣಿಯನ್ನು ತಾನೇ ಹೋಗಿ ಸರಿಪಡಿಸಿಕೊಂಡು ಬಂದಳು, ಆ ಚಿಕ್ಕ ಆಸ್ಪತ್ರೆಗೆ ಅರ್ಜಿ ಹಾಕಿದ್ದನ್ನು ಹಾಕಿದ ಮೇಲೆ ತಿಳಿಸಿದಳು. ಇವತ್ತು ಬೆಳಗ್ಗೆ ತನ್ನ ಜಡೆ ತಾನೇ ಹಾಕಿಕೊಂಡಿದ್ದಾಳೆ.

ಚಿಕ್ಕ ಆಸ್ಪತ್ರೆಯ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಅದರ ವಾಸನೆ ಇನ್ನೂ ಇದೆ. ಕೊಠಡಿಯ ಹೊರಗೆ ಮೂರು ಪ್ಲಾಸ್ಟಿಕ್ ಕುರ್ಚಿ. ತನಗಿಂತ ತುಂಬ ಚಿಕ್ಕ ವಯಸ್ಸಿನ ಇಬ್ಬರು ಹುಡುಗಿಯರ ನಂತರ ತಂಗಿಯನ್ನು ಕರೆಯುತ್ತಾರೆ. ಬಾಗಿಲು ಮುಚ್ಚುತ್ತದೆ. ಅಕ್ಕ ಕುರ್ಚಿಯಲ್ಲಿ ಕುಳಿತು ಆಗಾಗ ಸೊಂಟ ಮುಟ್ಟಿ ನೋಡಿಕೊಳ್ಳುತ್ತಾರೆ. ಕೀ ಅಲ್ಲಿಲ್ಲ, ಬೆಳಗ್ಗೆಯೇ ಒಪ್ಪಿಸಿ ಬಂದಿದ್ದಾರೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ, ಅವತ್ತು ಹೇಳಿದ್ದನ್ನು ಮರೆತುಬಿಡು, ಕೇಳಬೇಕಾದ್ದನ್ನು ಕೇಳು ಎಂದು ಹೇಳಲು ಬಾಯಿ ತೆರೆದು ತೆರೆದು ಮುಚ್ಚಿದ್ದರು.

ತಂಗಿ ಹೊರಗೆ ಬರುತ್ತಾಳೆ. ಸೋಮವಾರದಿಂದ ಬನ್ನಿ ಎಂದಿದ್ದಾರೆ, ಕೆಲಸ ಸಿಕ್ಕಿದೆ. ಆದರೆ ಅವಳ ಮುಖದಲ್ಲಿ ಗೆಲುವಿಲ್ಲ. ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೈಬೆರಳುಗಳನ್ನು ನೋಡಿಕೊಳ್ಳುತ್ತಾಳೆ.

"ಕೊನೆಗೆ ಕೇಳಿದ್ರು ಅಕ್ಕಾ, ಏನಾದ್ರೂ ಪ್ರಶ್ನೆ ಇದೆಯಾ ಅಂತ."

"ಏನಂದೆ?"

"ಏನಿಲ್ಲ ಮೇಡಂ ಅಂದೆ," ಎನ್ನುತ್ತಾಳೆ ತಂಗಿ. "ನಾಲಿಗೆ ತುದಿಗೆ ಬಂದಿತ್ತು. ಬಾಯಿ ತೆಗೆದ್ರೆ, ನೀನು ಜಡೆ ಹಾಕ್ತಾ ಹೇಳಿಕೊಟ್ಟಿದ್ದೇ ಬಂತು."

ಅಕ್ಕ ಊರಿನ ಹುಡುಗಿಯರಿಗೆಲ್ಲ ಹೊಸ ಪಾಠ ಹೇಳಿದರು, ಮನೆಯವಳಲ್ಲಿ ಹಳೆಯ ಪಾಠ ಬೇರುಬಿಟ್ಟು ಕುಳಿತಿತ್ತು. ಹೋಗಲಿ ಬಿಡು, ಕೆಲಸ ಸಿಕ್ಕಿತಲ್ಲ ಎಂದು ಎದ್ದು ನಡೆಯಬಹುದಿತ್ತು. ಬೆಂಚಿನ ಬಳಿ ಬೈದುಹೋದ ಆ ತಾಯಿ ಎದುರಿಗಿದ್ದರೆ ಅದನ್ನೇ ಹೇಳುತ್ತಿದ್ದರು. ಅಕ್ಕ ತಂಗಿಯ ಕೈ ಹಿಡಿದು, ಒಳಗೆ ಹೋಗಿ ಕೇಳು, ಇನ್ನೂ ಹೊತ್ತು ಮೀರಿಲ್ಲ ಎನ್ನುತ್ತಾರೆ.

"ನನ್ನಿಂದ ಆಗಲ್ಲ," ಎನ್ನುತ್ತಾಳೆ ತಂಗಿ. "ನೀನು ಕೇಳ್ತೀಯಾ?"

ಪ್ರಶ್ನೆಯಕ್ಕ ಎಂದು ಹೆಸರು ಪಡೆದವರು ಇಂಥ ಕೊಠಡಿಯಲ್ಲಿ ತಾವಾಗಿ ಒಂದು ಪ್ರಶ್ನೆ ಕೇಳಿದ್ದೇ ಇಲ್ಲ. ತಮ್ಮ ಸಂದರ್ಶನದಲ್ಲಿ ಅವರೂ ಏನಿಲ್ಲ ಎಂದೇ ಎದ್ದು ಬಂದಿದ್ದರು. ಈಗ ಎದ್ದು ಹೋಗಿ ಬಾಗಿಲು ತಟ್ಟುತ್ತಾರೆ.

ಒಳಗಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ಗಡಸು ಸ್ವಭಾವದವರಲ್ಲ. ಬನ್ನಿ, ಕೂತ್ಕೊಳ್ಳಿ ಎನ್ನುತ್ತಾರೆ. ಅಕ್ಕ ಕೂರುವುದಿಲ್ಲ. ತಾವು ಇವಳ ಅಕ್ಕ, ತಾವೂ ನರ್ಸೇ, ಒಂದು ಪ್ರಶ್ನೆ ಉಳಿದುಹೋಯಿತು ಎಂದು ಹೇಳಿಕೊಳ್ಳುತ್ತಾರೆ.

"ರಾತ್ರಿ ಪಾಳಿಯಲ್ಲಿ ಔಷಧಿ ಕಪಾಟಿನ ಕೀ ಯಾರ ಹತ್ತಿರ ಇರುತ್ತೆ ಮೇಡಂ?"

"ಇನ್‌ಚಾರ್ಜ್ ಹತ್ತಿರ."

"ಅವರು ಬೇರೆ ಮಹಡಿಗೆ ಹೋದಾಗ?"

"ಫೋನ್ ಮಾಡಿದ್ರೆ ಬರ್ತಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಅಕ್ಕನಿಗೆ ಮುಂದೆ ಏನು ಕೇಳಬೇಕೋ ಹೊಳೆಯುವುದಿಲ್ಲ. ಆಗ ಬೆನ್ನ ಹಿಂದಿನಿಂದ, ಬಾಗಿಲ ಬಳಿಯಿಂದ ಇನ್ನೊಂದು ದನಿ ಬರುತ್ತದೆ.

"ಅವರು ಫೋನ್ ಎತ್ತದಿದ್ರೆ ಮೇಡಂ? ನಾನು ರೋಗಿ ಹತ್ತಿರ ನಿಲ್ಲಬೇಕಾ, ಕೀ ಹುಡುಕಿಕೊಂಡು ಹೋಗಬೇಕಾ?"

ಅಕ್ಕ ತಿರುಗಿ ನೋಡುತ್ತಾರೆ. ತಂಗಿ ಚೌಕಟ್ಟು ಹಿಡಿದು ನಿಂತಿದ್ದಾಳೆ. ಸೂಪರಿಂಟೆಂಡೆಂಟ್ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಯಾಕೆ ಹೀಗೆ ಕೇಳುತ್ತೀರಿ ಎನ್ನುತ್ತಾರೆ. ತಂಗಿ ಹೇಳುತ್ತಾಳೆ. ಆ ಬಸ್ ಚಾಲಕರ ಬಗ್ಗೆ, ಅವರು ಮಗಳೇ ಎಂದು ಕರೆಯುತ್ತಿದ್ದುದರ ಬಗ್ಗೆ, ತಾನು ಓಡಿದ ಮೆಟ್ಟಿಲುಗಳ ಬಗ್ಗೆ, ಮರಳಿ ಬಂದಾಗ ಪಕ್ಕದ ಹಾಸಿಗೆಯವರು ಮುಖ ಮುಚ್ಚಿಕೊಂಡು ಕುಳಿತಿದ್ದುದರ ಬಗ್ಗೆ. ಅಕ್ಕನಿಗೂ ಇದರಲ್ಲಿ ಅರ್ಧ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಅವರು ಕಡೆಗೆ ಕುರ್ಚಿಯಲ್ಲಿ ಕೂರುತ್ತಾರೆ.

ಎಲ್ಲ ಕೇಳಿದ ಮೇಲೆ ಸೂಪರಿಂಟೆಂಡೆಂಟ್ ನೀರು ತರಿಸಿಕೊಟ್ಟರು. ಇದನ್ನು ಮೇಲಿನವರ ಹತ್ತಿರ ಮಾತಾಡಬೇಕಾಗುತ್ತದೆ, ಸೋಮವಾರ ಬರಬೇಡಿ, ನಾವೇ ಕರೆಯುತ್ತೇವೆ ಎಂದರು. ಆ ಮಾತಿನ ಅರ್ಥ ಇಬ್ಬರು ನರ್ಸ್‌ಗಳಿಗೂ ಗೊತ್ತಿತ್ತು. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಅಲ್ಲಿಂದ ಕರೆ ಬಂದಿಲ್ಲ.

ಅವತ್ತು ಮನೆಗೆ ಮರಳುವ ಬಸ್ಸಿನಲ್ಲಿ ಅಕ್ಕತಂಗಿಯರು ಒಂದೇ ಸೀಟಿನಲ್ಲಿ ಕುಳಿತಿದ್ದರು. ಸಿಕ್ಕ ಕೆಲಸವನ್ನು ನನ್ನ ಬಾಯಿಂದಲೇ ಕಳೆದೆನಲ್ಲ ಎಂದು ಅಕ್ಕ ಒಳಗೊಳಗೇ ಕುದಿಯುತ್ತಿದ್ದರು. ಕಿಟಕಿಯಾಚೆ ನೋಡುತ್ತಿದ್ದ ತಂಗಿ ಮುಖ ತಿರುಗಿಸದೆಯೇ ಕೇಳಿದಳು.

"ಅಕ್ಕಾ, ಅವತ್ತು ಯಾಕೆ ಕೇಳಬೇಡ ಅಂದೆ?"

ಹನ್ನೆರಡು ವರ್ಷ ಕಾದಿದ್ದ ಪ್ರಶ್ನೆ. ಅಕ್ಕ ಅದಕ್ಕೆ ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದರು, ಬಂದದ್ದು ಬೇರೆಯದೇ. ಹೆದರಿಕೆ ಕಣೇ, ನಿನಗೆ ಎಲ್ಲಿ ಕೆಲಸ ಸಿಗಲ್ಲವೋ ಅಂತ ಹೆದರಿಕೆ, ತಪ್ಪಾಯ್ತು ಕಣೇ ಯಾಕಮ್ಮಾ ಎಂದರು. ಬಸ್ಸಿನ ತುಂಬ ಜನರಿದ್ದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ತಂಗಿ ಸಮಾಧಾನ ಮಾಡಲಿಲ್ಲ, ಹಿಡಿದಿದ್ದ ಅಕ್ಕನ ಕೈಯನ್ನೂ ಬಿಡಲಿಲ್ಲ. ಇಳಿಯುವ ನಿಲ್ದಾಣ ಬಂದಾಗ ಏಳು ಅಕ್ಕಾ ಎಂದಳು.

ತಂಗಿ ಈಗಲೂ ಚಪ್ಪಲಿ ಅಂಗಡಿಗೆ ಹೋಗುತ್ತಾಳೆ. ಆ ಬಸ್ ಚಾಲಕರು ಮರಳಿ ಬರುವುದಿಲ್ಲ, ಹೋದ ವರ್ಷಗಳೂ ಬರುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೆ ಮೊನ್ನೆ ಸಾರಿಗೆ ಉಪ್ಪು ಹೆಚ್ಚಾದಾಗ, ಯಾಕೆ ಹೀಗೆ ಸುರೀತೀಯ ಎಂದು ತಂಗಿ ಅಕ್ಕನನ್ನು ಕೇಳಿದ್ದಾಳೆ. ಇದನ್ನು ಹೇಳುವಾಗ ಅಕ್ಕನ ಕಣ್ಣು ತುಂಬುತ್ತದೆ. ಬರುವ ತಿಂಗಳು ಇನ್ನೊಂದು ಆಸ್ಪತ್ರೆಯಲ್ಲಿ ಸಂದರ್ಶನವಿದೆಯಂತೆ, ಅದಕ್ಕೂ ಅರ್ಜಿ ಹಾಕಿದ್ದಾಳೆ.

ನಿಮಗೆ ಇನ್ನೇನು ಆಸೆ ಇದೆ ಎಂದು ಕೇಳಿದರೆ ಅಕ್ಕ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಕೆಳಗೆ ಬೆಂಚಿನಲ್ಲಿ ಹುಡುಗಿಯರು ಕಾಯುತ್ತಿದ್ದಾರೆ, ಚಹಾ ತಣ್ಣಗಾಗುತ್ತಿದೆ.

"ಮುಂದಿನ ಸಲ ಅವಳೇ ಕೇಳಿ ಬರ್ಲಿ. ನಾನು ಹೊರಗೆ ಕುರ್ಚಿ ಮೇಲೇ ಕೂತಿರ್ಬೇಕು, ಏಳೋ ಹಾಗಾಗಬಾರದು," ಎನ್ನುತ್ತಾರೆ. "ಅಷ್ಟಾದ್ರೆ ಸಾಕು."